ಎಂಟೂ ಹತ್ತಕ್ಕೆ ಮನೆ ಪ್ರಾರ್ಥನೆ

ನಮ್ಮ ಮನೆಯಲ್ಲಿ ರಾತ್ರಿ 8.10ಕ್ಕೆ ಟಿವಿ ಆಫ್ ಆಗುತ್ತದೆ. ಎಂಟಕ್ಕಲ್ಲ, ಎಂಟೂಕಾಲಿಗೂ ಅಲ್ಲ. ಈ ಹತ್ತು ನಿಮಿಷ ನನ್ನ ಮಗ ಚೌಕಾಸಿ ಮಾಡಿ ಗಿಟ್ಟಿಸಿಕೊಂಡದ್ದು. ಎಂಟಕ್ಕೆ ಕೂರಿಸಿದರೆ ಅವನ ಕಾರ್ಟೂನ್ ಇನ್ನೂ ಮುಗಿದಿರುವುದಿಲ್ಲ. ಕೊನೆಗೆ ಏನಾಯಿತು ಅನ್ನೋದೇ ತಲೆ ಕೊರೆಯುತ್ತಿದ್ದರೆ ಮೋಶೆ ಕೆಂಪು ಸಮುದ್ರ ದಾಟಿದರೇನು, ಬಿಟ್ಟರೇನು? "ಅಪ್ಪಾ, ಹತ್ತೇ ನಿಮಿಷ ಕೊಡು. ಆಮೇಲೆ ಒಂದು ಸಲಾನೂ ಎದ್ದು ಹೋಗಲ್ಲ" ಅಂದ. ಎಂಟು ವರ್ಷದವನ ಮಾತು. ಒಪ್ಪಿದೆ. ಮನೆ ಪ್ರಾರ್ಥನೆ ವಿಷಯದಲ್ಲಿ ನಾನು ಮಾಡಿದ ಮೊದಲ ಬುದ್ಧಿವಂತಿಕೆಯ ಕೆಲಸ ಅದೇ ಇರಬೇಕು.

ಅದಕ್ಕೆ ಮುಂಚೆ ಎರಡು ಸಲ ಶುರು ಮಾಡಿ ಎರಡು ಸಲವೂ ಮುಗ್ಗರಿಸಿದ್ದೆ.

ಮೊದಲನೆಯದು ಮೂರು ವರ್ಷದ ಹಿಂದೆ. ಸಭೆಯಲ್ಲಿ (ನಮ್ಮ ಚರ್ಚನ್ನು ನಾವು ಹಾಗೇ ಅನ್ನುವುದು) ಒಂದು ಪ್ರಸಂಗ ಕೇಳಿ ಬಂದವನೇ ಕಂಪ್ಯೂಟರಿನಲ್ಲಿ ಟೈಮ್‌ಟೇಬಲ್ ಮಾಡಿ, ಪ್ರಿಂಟ್ ತೆಗೆದು, ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಕೀರ್ತನೆ 5 ನಿಮಿಷ, ವೇದಪಾಠ 10, ವಿವರಣೆ 15, ಬಾಯಿಪಾಠದ ವಚನ 5, ಪ್ರಾರ್ಥನೆ 10. ಒಟ್ಟು 45 ನಿಮಿಷ, ದಿನಾ. ವಿವರಣೆ ಯಾರದು? ನನ್ನದೇ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಯಾರು ಹಿಡಿದುಕೊಂಡಿದ್ದರು ಅಂತ ಈಗ ನೋಡಿದರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ನಾನು ಆಫೀಸಿನಿಂದ ಬರುವಾಗ ಒಂಬತ್ತೂವರೆ. ನಾನಿಲ್ಲದೆ ಶುರು ಮಾಡಬಾರದು ಅಂತ ನಾನೇ ಹೇಳಿದ್ದರಿಂದ ಎಲ್ಲರೂ ಕಾಯುತ್ತಿದ್ದರು. ಮಗ ಸೋಫಾ ಮೇಲೆ ನಿದ್ದೆ ಹೋಗಿದ್ದ. ಎಬ್ಬಿಸಿದೆ. ಅವನು ಅಳಲು ಶುರು ಮಾಡಿದ. ನಾನು ಗದರಿದೆ. ಹೆಂಡತಿ ಅವನನ್ನು ಎತ್ತಿಕೊಂಡು ಒಳಗೆ ಹೋಗಿ ಮಲಗಿಸಿ ಬಂದಳು. "ರೀ, ನಿದ್ದೆಗಣ್ಣಲ್ಲಿ ಎಬ್ಬಿಸಿ ದೇವರ ಮಾತು ಹೇಳಿದ್ರೆ ಅವನಿಗೆ ನೆನಪಿರೋದು ದೇವರಲ್ಲ, ಎಬ್ಬಿಸಿದ್ದು" ಅಂದಳು. ಮರುದಿನ ಬೆಳಿಗ್ಗೆ ನೋಡಿದರೆ ಫ್ರಿಜ್ ಮೇಲೆ ಆ ಹಾಳೆ ಇರಲಿಲ್ಲ. ಯಾರು ತೆಗೆದರು ಅಂತ ಕೇಳುವ ಧೈರ್ಯ ನನಗೂ ಇರಲಿಲ್ಲ.

ಎರಡನೆಯ ಪ್ರಯತ್ನ ಭಾನುವಾರ ಸಂಜೆ, ವಾರಕ್ಕೊಂದೇ ಗಂಟೆ. ಬೆಳಿಗ್ಗೆ ಸಂಡೇ ಸ್ಕೂಲ್, ಆಮೇಲೆ ಆರಾಧನೆ, ಸಂಜೆ ಮತ್ತೆ ಮನೆಯಲ್ಲಿ ಅಪ್ಪ. "ಇದೇ ಕಥೆ ಬೆಳಿಗ್ಗೆ ಆಯ್ತಲ್ಲಾ" ಅಂದಳು ಮಗಳು. ಅವಳಿಗೆ ಆಗ ಹನ್ನೊಂದು ವರ್ಷ. ಮಾತು ನಿಜವೂ ಆಗಿತ್ತು. ಬೇರೆ ದಿನ ಇಟ್ಟುಕೊಳ್ಳೋಣ ಅಂದರೆ ದಿನವೇ ಸಿಗಲಿಲ್ಲ. ಬುಧವಾರ ಪ್ರಾರ್ಥನಾ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಮಗಳಿಗೆ ಗಾಯನ ತಂಡದ ಅಭ್ಯಾಸ. ನನ್ನದೊಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಮನೆಯವರೆಲ್ಲ ಒಟ್ಟಿಗೆ ಕೂತು ಪ್ರಾರ್ಥನೆ ಮಾಡಿ ಅಂತ ಯಾವ ಬಾಯಿ ಹೇಳುತ್ತದೋ, ಪ್ರಕಟಣೆ ಹೊತ್ತಿಗೆ ಅದೇ ಬಾಯಿ ವಾರದ ಮೂರು ಸಂಜೆಯನ್ನು ಕಿತ್ತುಕೊಳ್ಳುತ್ತದೆ.

ಈ ವಿಷಯದಲ್ಲಿ ಬೇರೆ ಪಂಗಡದವರು ನಮಗಿಂತ ಗಟ್ಟಿ. ಮಾರ್ಮನ್ ಸಭೆಯ ಹಿರಿಯರು 1915ರಲ್ಲೇ ತಿಂಗಳಿಗೊಂದು ಸಂಜೆಯಾದರೂ ಮನೆಯವರೊಂದಿಗೆ ಕೂರಿ ಅಂತ ಪತ್ರ ಬರೆದರು. ಆಮೇಲೆ ಅದು ವಾರಕ್ಕೊಂದಾಯಿತು. 1970ರಲ್ಲಿ ಸೋಮವಾರ ರಾತ್ರಿ ಅಂತ ಗೊತ್ತುಮಾಡಿ, ಆ ರಾತ್ರಿ ಸಭೆಯ ಕಾರ್ಯಕ್ರಮವನ್ನೇ ಇಡಬಾರದು ಅಂದರು. ಯೆಹೋವನ ಸಾಕ್ಷಿಗಳು 2009ರಲ್ಲಿ ವಾರದ ಒಂದು ಕೂಟವನ್ನು ಇನ್ನೊಂದರ ಜೊತೆ ಸೇರಿಸಿ, ಖಾಲಿಯಾದ ಸಂಜೆಯನ್ನು ಕುಟುಂಬಕ್ಕೆ ಬಿಟ್ಟುಕೊಟ್ಟರು. ಇವರ ಬೋಧನೆಯನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಹೊತ್ತು ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಏನನ್ನಾದರೂ ಬಿಡಬೇಕು ಅನ್ನೋದು ಅವರಿಗೆ ಗೊತ್ತಿದೆ.

ನಾವು ಬಿಟ್ಟದ್ದು ಶುಕ್ರವಾರದ ಕೂಟ. ಅದಕ್ಕೆ ಒಂದೆರಡು ಕಡೆಯಿಂದ ಮಾತೂ ಕೇಳಬೇಕಾಯಿತು. ಇರಲಿ.

ನಾನು ಬೆಳೆದ ಮನೆಯಲ್ಲಿ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಅಪ್ಪ ಊಟಕ್ಕೆ ಮುಂಚೆ ಎಲ್ಲರನ್ನೂ ಕೂರಿಸುತ್ತಿದ್ದರು. ಹಸಿವಾಗಿದ್ದರೂ ಅಷ್ಟೇ, ಕರೆಂಟ್ ಹೋದರೂ ಅಷ್ಟೇ. ಮೊಣಕಾಲೂರಿ ಅವರು ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಇಡೀ ಬಂಧುಬಳಗ ಸಾಲಾಗಿ ಬರುತ್ತಿತ್ತು. ದೊಡ್ಡಪ್ಪ, ಅವರ ಮಕ್ಕಳು, ಅತ್ತೆಯಂದಿರು, ಅವರ ಮಂಡಿನೋವು. ನಾವು ಮಕ್ಕಳಿಗೆ ಅದು ಮೈಲಿಕಲ್ಲಿನ ಹಾಗೆ. ಎರಡನೇ ಅತ್ತೆ ಬಂದರು ಅಂದರೆ ಅರ್ಧ ದಾರಿ ಆಯಿತು ಅಂತ ಲೆಕ್ಕ. ತಂಗಿ ಕುರ್ಚಿಗೆ ತಲೆ ಆನಿಸಿ ಮೊಣಕಾಲ ಮೇಲೇ ನಿದ್ದೆ ಮಾಡುತ್ತಿದ್ದಳು. ಆಮೆನ್ ಅಂದಮೇಲೂ ಏಳದೆ ಇದ್ದರೆ ಅಪ್ಪ "ನೋಡಿ, ಎಷ್ಟು ಭಕ್ತಿ ಅವಳಿಗೆ" ಅನ್ನುತ್ತಿದ್ದರು. ತಮಾಷೆಗೋ ನಿಜವಾಗಿಯೋ, ಇವತ್ತಿಗೂ ಗೊತ್ತಿಲ್ಲ.

ಶನಿವಾರ ಪ್ರಶ್ನೋತ್ತರ. ದಶಾಜ್ಞೆ ಒಂದೊಂದೇ ಹೇಳಬೇಕು. ಅಪ್ಪ "ಇದರ ಅರ್ಥವೇನು?" ಅನ್ನುವರು. ನಾವು ಬಾಯಿಪಾಠದ ಉತ್ತರ ಒಪ್ಪಿಸುವುದು. ಆ ಪ್ರಶ್ನೆ ಹದಿನಾರನೇ ಶತಮಾನದ ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರನದ್ದು ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಸಾಕ್ಸನಿಯ ಹಳ್ಳಿ ಸಭೆಗಳನ್ನು ನೋಡಿಕೊಂಡು ಬಂದು, ಜನಕ್ಕೆ ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯೂ ನೆಟ್ಟಗೆ ಬರುವುದಿಲ್ಲ ಅಂತ ಹೊಟ್ಟೆ ಉರಿದು, 1529ರಲ್ಲಿ ಅವನು ಚಿಕ್ಕ ಪ್ರಶ್ನೋತ್ತರ ಬರೆದ. ಮನೆಯ ಯಜಮಾನ ಮನೆಯವರಿಗೆ ಕಲಿಸಬೇಕಾದದ್ದು ಅಂತಲೇ ಭಾಗ ಭಾಗಕ್ಕೂ ತಲೆಬರಹ. ಮುನ್ನುಡಿಯಲ್ಲಿ, ಕಲಿಯಲು ಒಪ್ಪದವರಿಗೆ ತಂದೆತಾಯಿ ಅನ್ನ ನೀರು ಕೊಡಬಾರದು ಅಂತಲೂ ಇದೆ. ಇದನ್ನು ಊಟದ ಹೊತ್ತಿಗೆ ಓದಿ ಹೇಳಿದೆ, ಸ್ವಲ್ಪ ಹೆದರಲಿ ಅಂತ. ಮಗಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡು "ಅವರಿಗೆ ಮಕ್ಕಳಿದ್ರಾ?" ಅಂತ ಕೇಳಿದಳು. ಹುಡುಕಿ ನೋಡಿದೆ. ಇದ್ದರು. ಆಗ ದೊಡ್ಡ ಮಗನಿಗೆ ಸುಮಾರು ಮೂರು ವರ್ಷ. "ಹದಿಮೂರರ ಮಗಳಿದ್ದಿದ್ರೆ ಹಾಗೆ ಬರೀತಿರಲಿಲ್ಲ ಬಿಡಿ" ಅಂದಳು ನನ್ನಾಕೆ.

ಸ್ಕಾಟ್ಲೆಂಡಿನವರು ಇನ್ನೂ ಒಂದು ಕೈ ಮೇಲೆ. ಅಲ್ಲಿನ ಸಭೆ 1647ರಲ್ಲಿ ಮನೆ ಆರಾಧನೆಗೆ ನಿಯಮ ಮಾಡಿ, ತಪ್ಪಿಸುವ ಯಜಮಾನನಿಗೆ ಮೊದಲು ಗುಟ್ಟಾಗಿ ಬುದ್ಧಿ ಹೇಳಬೇಕು, ಆಮೇಲೆ ಹಿರಿಯರ ಮುಂದೆ ಗದರಿಸಬೇಕು, ಆಗಲೂ ಕೇಳದಿದ್ದರೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೇ ಸೇರಿಸಬಾರದು ಅಂತ ಗೊತ್ತುಮಾಡಿತು. ನನ್ನ ಹನ್ನೆರಡನೇ ದಿನವನ್ನು ನೆನೆಸಿಕೊಂಡು ಸುಮ್ನೆ ಪುಸ್ತಕ ಮುಚ್ಚಿಟ್ಟೆ.

ಎಲ್ಲ ಕಡೆಯೂ ಯಜಮಾನ, ಯಜಮಾನ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿ ಮಕ್ಕಳಿಗೆ ಯೋಸೇಫನ ಕಥೆ, ದಾವೀದನ ಕಥೆ, ಕೀರ್ತನೆ ಇಪ್ಪತ್ತಮೂರು, ಇವೆಲ್ಲ ಬಂದದ್ದು ನನ್ನಿಂದಲ್ಲ. ಮಗಳಿಗೆ ಜಡೆ ಹಾಕುತ್ತಾ ಅವಳಮ್ಮ ಹೇಳಿಕೊಟ್ಟದ್ದು. ಬಾಚಣಿಗೆ ಸಿಕ್ಕಿಗೆ ಸಿಕ್ಕಿ ಮಗಳು "ಆಯ್!" ಅಂದಾಗಲೆಲ್ಲ ಕಥೆ ನಿಂತು ಮತ್ತೆ ಮುಂದುವರಿಯುತ್ತಿತ್ತು. ಇದು ವರ್ಷಗಟ್ಟಲೆ ನನ್ನ ಕಣ್ಣೆದುರೇ ನಡೆದಿದೆ, ನನಗೆ ಅದು ಬೋಧನೆ ಅಂತ ಕಂಡೇ ಇರಲಿಲ್ಲ. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ ನೋಡಿ, ಆ ಹುಡುಗನ ನಂಬಿಕೆ ಎಲ್ಲಿಂದ ಬಂತು ಅಂತ ಹೇಳುವಾಗ ಎರಡೇ ಹೆಸರು: ಅಜ್ಜಿ ಲೋವಿ, ತಾಯಿ ಯೂನೀಕೆ. ಅಪ್ಪನ ಮಾತಿಲ್ಲ.

ಹಾಗಾಗಿ ಮೂರನೇ ಸಲ ವಿವರಣೆಯನ್ನೇ ತೆಗೆದುಹಾಕಿದೆವು. ಸೋಮವಾರದಿಂದ ಗುರುವಾರದವರೆಗೆ ಹತ್ತೇ ನಿಮಿಷ: ಒಂದು ಪದ್ಯ ಹಾಡು, ಅರ್ಧ ಅಧ್ಯಾಯ, ಪರಲೋಕದಲ್ಲಿರುವ ನಮ್ಮ ತಂದೆಯೇ, ಮುಗೀತು. ಶುಕ್ರವಾರ ಮಾತ್ರ ಅರ್ಧ ಗಂಟೆ, ಮಾತಾಡುವುದಕ್ಕೆ. ನಾನು ತಡವಾದರೆ ಅವರು ಶುರು ಮಾಡುತ್ತಾರೆ. ಶೂ ಬಿಚ್ಚಿ ಸಿಕ್ಕ ಕಡೆ ಕೂರುವುದು ನನ್ನ ಕೆಲಸ. ಓದುವ ಸರದಿ ಎಲ್ಲರಿಗೂ ಬರುತ್ತದೆ. ಒಬ್ಬರು ಒಂದು ಪ್ರಶ್ನೆ ಕೇಳಬಹುದು. ಉತ್ತರ ಗೊತ್ತಿದ್ದವರು ಹೇಳಬಹುದು, ಹೇಳಲೇಬೇಕು ಅಂತೇನಿಲ್ಲ.

ಇನ್ನೊಂದು, ಸಿಹಿ ಸಿಹಿ ಭಾಗ ಆರಿಸಿ ಓದುವುದು ಬೇಡ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಸಾಲಾಗಿ ಹೋಗೋಣ ಅಂದುಕೊಂಡೆವು. ಒಂದೇ ಸಲ ಸಾಲು ತಪ್ಪಿದ್ದು ಮಗನ ಹಟಕ್ಕೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕರಡಿ ಇದೆ ಅಂತ ಯಾರೋ ಅವನಿಗೆ ಹೇಳಿದ್ದರು. ಇದೆ. ಅರಸುಗಳ ಎರಡನೇ ಪುಸ್ತಕ, ಎರಡನೇ ಅಧ್ಯಾಯ. ಹುಡುಗರು ಪ್ರವಾದಿ ಎಲೀಷನನ್ನು ಬೋಳುಮಂಡೆ ಅಂತ ಗೇಲಿ ಮಾಡುತ್ತಾರೆ, ಅವನು ಶಪಿಸುತ್ತಾನೆ, ಕಾಡಿನಿಂದ ಎರಡು ಕರಡಿ ಬಂದು 42 ಹುಡುಗರನ್ನು ಸೀಳುತ್ತವೆ. ಓದಿ ಮುಗಿಸಿ ತಲೆ ಎತ್ತಿದರೆ ಮಗ ನನ್ನ ತಲೆಯನ್ನೇ ನೋಡುತ್ತಿದ್ದಾನೆ. ಮುಂದೆ ಅಷ್ಟೇನೂ ಉಳಿದಿಲ್ಲ ನನಗೆ. ಮಗಳು ಕಿಸಕ್ಕನೆ ನಕ್ಕಳು, ಅವಳಮ್ಮನೂ ನಕ್ಕಳು. ಮಗ ನಗಲಿಲ್ಲ. "ಆ ಹುಡುಗರ ಅಮ್ಮಂದಿರು ಎಲ್ಲಿದ್ರು?" ಅಂದ.

ಅವನದು ಯಾವಾಗಲೂ ಇದೇ ಪ್ರಶ್ನೆ.

ಅಬ್ರಹಾಮ ದೇವರ ಅಪ್ಪಣೆಯಂತೆ ತನ್ನ ಮತ್ತು ಹೆಂಡತಿ ಸಾರಳ ಮಗ ಇಸಾಕನನ್ನು ಬಲಿ ಕೊಡಲು ಕರೆದುಕೊಂಡು ಹೋಗುವ ಆದಿಕಾಂಡದ ಇಪ್ಪತ್ತೆರಡನೇ ಅಧ್ಯಾಯ ಬಂದದ್ದು ಒಂದು ಶುಕ್ರವಾರ. ಮಗಳ ಸರದಿ. ಅವಳು ಸರಾಗ ಓದುತ್ತಾಳೆ, ಎಲ್ಲೂ ನಿಲ್ಲುವುದಿಲ್ಲ. ಅವಳಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ಸುಮ್ಮನಿರುವುದಿಲ್ಲ ಅವಳದು, ಪ್ರಾರ್ಥನೆಯ ಹೊತ್ತಿಗೂ. ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ ಅಂತ ಇಸಾಕ ಅಪ್ಪನನ್ನು ಕೇಳುವ ಜಾಗಕ್ಕೆ ಬಂದಾಗ ಮಗ ಒರಗಿದ್ದವನು ನೆಟ್ಟಗೆ ಕೂತ. ಕೊನೆಗೆ ಪೊದೆಯಲ್ಲಿ ಟಗರು ಸಿಕ್ಕಿತು, ಅಧ್ಯಾಯ ಮುಗಿಯಿತು.

"ಸಾರಳಿಗೆ ಹೇಳಿ ಹೋಗಿದ್ರಾ?" ಮಗ ಕೇಳಿದ.

ನನ್ನ ಬಾಯಿ ತಡೆಯಲಿಲ್ಲ. ನಂಬಿಕೆ, ವಿಧೇಯತೆ, ಆ ಟಗರು ಯಾರಿಗೆ ಗುರುತು, ಎಲ್ಲ ಹೇಳಿದೆ. ಮೂರು ನಿಮಿಷ ಆಗಿರಬಹುದು. ಮಗಳು ಮಧ್ಯದಲ್ಲೇ, "ಅಪ್ಪಾ, ಅದನ್ನ ಸಂಡೇ ಸ್ಕೂಲಲ್ಲಿ ಹೇಳಿದ್ದಾರೆ. ತಮ್ಮ ಕೇಳಿದ್ದು ಅದಲ್ಲ" ಅಂದಳು.

ಮತ್ತೆ ಅಧ್ಯಾಯದ ಮೊದಲಿಗೆ ಹೋದೆವು. ಸಾರಳ ಹೆಸರೇ ಇಲ್ಲ. ಅಬ್ರಹಾಮ ಬೆಳಿಗ್ಗೆ ಬೇಗ ಎದ್ದು ಕತ್ತೆಗೆ ತಡಿ ಹಾಕಿಸಿ ಹೊರಟ ಅಂತಷ್ಟೇ ಇದೆ. "ಬೇಗ ಎದ್ದು ಹೋದ್ರು ಅಂದ್ರೆ ಅಮ್ಮ ಇನ್ನೂ ನಿದ್ದೆ ಮಾಡ್ತಿದ್ಲು" ಅಂತ ಮಗ ತೀರ್ಮಾನ ಕೊಟ್ಟ. ಮಗಳು ಅಷ್ಟರಲ್ಲಿ ಹತ್ತೊಂಬತ್ತನೇ ವಚನದ ಮೇಲೆ ಬೆರಳಿಟ್ಟಿದ್ದಳು. "ಇಲ್ನೋಡಿ, ಅಬ್ರಹಾಮ ಸೇವಕರ ಹತ್ರ ವಾಪಸ್ ಬಂದ ಅಂತಿದೆ. ಇಸಾಕ ಬಂದ ಅಂತ ಬರೆದೇ ಇಲ್ಲ." ನಾನು ಈ ಅಧ್ಯಾಯದ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇನೋ ಲೆಕ್ಕವಿಲ್ಲ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿ ಮಡಿಸುತ್ತಿದ್ದ ಅಂಗಿ ತೊಡೆ ಮೇಲಿಟ್ಟು ಪುಟ ತಿರುಗಿಸಿದಳು. ಮುಂದಿನ ಅಧ್ಯಾಯದ ಮೊದಲ ಸಾಲೇ ಸಾರಳ ಸಾವು. ಅವಳಿಗೆ 127 ವರ್ಷ. ಸತ್ತದ್ದು ಹೆಬ್ರೋನಿನಲ್ಲಿ. ಅಬ್ರಹಾಮ ಬೆಟ್ಟದಿಂದ ಇಳಿದು ಹೋಗಿ ವಾಸ ಮಾಡಿದ್ದು ಬೇರ್ಷೆಬದಲ್ಲಿ. "ಇವರು ಅಲ್ಲಿ, ಅವಳು ಇಲ್ಲಿ" ಅಂದಳು. ಅಷ್ಟೇ ಅಂದದ್ದು. ಅಂಗಿ ಎತ್ತಿಕೊಂಡು ಮತ್ತೆ ಮಡಿಸತೊಡಗಿದಳು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಮಗ ನನ್ನ ಮಂಚದ ಪಕ್ಕ ಬಂದು ನಿಂತಿದ್ದ. ರಾತ್ರಿಯ ಪ್ರಾರ್ಥನೆ ಮುಗಿದ ಕೂಡಲೇ ನೆಮ್ಮದಿಯಾಗಿ, ಖುಷಿಯಾಗಿ ನಿದ್ದೆ ಮಾಡಿ ಅಂತ ಅದೇ ಲೂಥರ್ ಬರೆದಿದ್ದಾನೆ. ನಮ್ಮಲ್ಲಿ ಹಾಗಾಗಲಿಲ್ಲ.

"ಅಪ್ಪಾ, ನಿಂಗೆ ದೇವರು ಹಾಗೆ ಹೇಳಿದ್ರೆ?"

ಕತ್ತಲಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಏನೇನೋ ಉತ್ತರ ಬಂದು ಹೋದವು. "ಮೊದಲು ನಿಮ್ಮಮ್ಮನ್ನ ಎಬ್ಬಿಸ್ತೀನಿ" ಅಂದೆ. ಸ್ವಲ್ಪ ಹೊತ್ತು ನಿಂತಿದ್ದು, "ಸರಿ" ಅಂತ ಹೋಗಿ ಮಲಗಿದ. ಸಭಾಪಾಲಕರು ಈ ಉತ್ತರಕ್ಕೆ ಎಷ್ಟು ಅಂಕ ಕೊಡುತ್ತಾರೋ. ನಾನು ಕೇಳಲು ಹೋಗಿಲ್ಲ.

ಆಮೇಲೆ ಓದುವಾಗ ಗೊತ್ತಾಯಿತು, ಯೆಹೂದ್ಯರು ಈ ಎರಡು ಅಧ್ಯಾಯಗಳನ್ನು ಬಹಳ ಹಿಂದಿನಿಂದಲೂ ಒಂದಕ್ಕೊಂದು ಜೋಡಿಸಿ ಅರ್ಥ ಮಾಡುತ್ತಾರೆ. ಹನ್ನೊಂದನೇ ಶತಮಾನದ ಅವರ ದೊಡ್ಡ ವ್ಯಾಖ್ಯಾನಕಾರ ರಾಶಿ (ನಮ್ಮ ರಾಶಿ ನಕ್ಷತ್ರದ ರಾಶಿ ಅಲ್ಲ, ಅದು ಅವರ ಹೆಸರಿನ ಮೊದಲಕ್ಷರಗಳಿಂದ ಆದ ಪದ), ಮಗನನ್ನು ಬಲಿಗೆ ಕಟ್ಟಿದ ಸುದ್ದಿ ಕೇಳಿಯೇ ಸಾರಳ ಪ್ರಾಣ ಹೋಯಿತು, ಅದಕ್ಕೇ ಅವಳ ಸಾವು ಇದರ ಪಕ್ಕದಲ್ಲೇ ಬಂದಿದೆ ಅನ್ನುತ್ತಾನೆ. ಶುಕ್ರವಾರ ಮಗನಿಗೆ ಇದನ್ನು ಹೇಳಿದೆ. ತನ್ನ ಪ್ರಶ್ನೆ ಅಷ್ಟು ಹಳೆಯದು ಅಂತ ಅವನಿಗೆ ಹೆಮ್ಮೆ ಆಗುತ್ತದೆ ಅಂದುಕೊಂಡಿದ್ದೆ. "ಅಂದ್ರೆ ಹೇಳಿರಲಿಲ್ಲ" ಅಂದ, ಬೇಜಾರಿನಲ್ಲಿ.

ವಿಮೋಚನಕಾಂಡದ ಹನ್ನೆರಡನೇ ಅಧ್ಯಾಯದಲ್ಲಿ, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಕ್ರಮ ಹೇಳುತ್ತಾ, ಇದೆಲ್ಲ ಏನು ಅಂತ ನಿಮ್ಮ ಮಕ್ಕಳು ಕೇಳಿದಾಗ ಹೀಗೆ ಹೇಳಿ ಅಂತ ಬರುತ್ತದೆ. ಇವತ್ತಿಗೂ ಯೆಹೂದ್ಯರ ಮನೆಗಳಲ್ಲಿ ಆ ರಾತ್ರಿ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಕೇಳುತ್ತದೆ, ಆಮೇಲೆ ಕಥೆ. ಅಪ್ಪ ಪ್ರಶ್ನೆ ಕೇಳಿ ಮಕ್ಕಳು ಉತ್ತರ ಒಪ್ಪಿಸುವ ನಮ್ಮ ಶನಿವಾರಗಳು ಇದರ ತಲೆಕೆಳಗು. ಆ ಶನಿವಾರಗಳನ್ನು ನಾನು ಹಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಮಾತು ಕಳೆದುಕೊಂಡ ದಿನಗಳಲ್ಲಿ ನನ್ನ ಬಾಯಿಗೆ ಬಂದದ್ದು ಆ ಬಾಯಿಪಾಠವೇ. ಅವರ ಪಕ್ಕ ಕೂತು ಹೇಳುತ್ತಾ ಹೋದೆ, ಅವರ ತುಟಿ ಅಲ್ಲಾಡುತ್ತಿತ್ತು. ಹಾಗಾಗಿ ನಮ್ಮಲ್ಲಿ ವಾರಕ್ಕೊಂದು ವಚನ ಬಾಯಿಪಾಠ ಈಗಲೂ ಇದೆ. ಮಕ್ಕಳಿಗೆ ಇಷ್ಟವಿಲ್ಲ. ಬಿಡುವುದಿಲ್ಲ.

ಎಲ್ಲ ಚೆನ್ನಾಗಿದೆ ಅಂತ ಅಂದುಕೊಳ್ಳಬೇಡಿ. ವಾರದಲ್ಲಿ ಒಂದು ದಿನವಾದರೂ ತಪ್ಪುತ್ತದೆ. ಪರೀಕ್ಷೆ ಬಂದರೆ ಮಗಳು ಗಡಿಯಾರ ನೋಡುತ್ತಾ ಕೂರುತ್ತಾಳೆ. ಕಳೆದ ಎರಡು ತಿಂಗಳಿಂದ ಅವಳು ಗಟ್ಟಿಯಾಗಿ ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಿದ್ದಾಳೆ. "ಓದ್ತೀನಿ, ಹಾಡ್ತೀನಿ, ಅದೊಂದು ಕೇಳ್ಬೇಡಿ" ಅಂದಳು. ಯಾಕೆ ಅಂತ ಕೇಳಬೇಕು ಅನಿಸಿತು. ಅವಳಮ್ಮ ಕಣ್ಣಲ್ಲೇ ಬೇಡ ಅಂದಳು. ಅವಳ ಸರದಿ ಬಂದಾಗ ಈಗ ಎಲ್ಲರೂ ಒಂದು ನಿಮಿಷ ಸುಮ್ಮನೆ ಕೂರುತ್ತೇವೆ. ಫ್ಯಾನ್ ಸದ್ದು ಕೇಳುತ್ತದೆ. ನನಗೆ ಆ ಒಂದು ನಿಮಿಷ ಕಷ್ಟ.

ಮೊನ್ನೆ ಶುಕ್ರವಾರ ಇಪ್ಪತ್ತನಾಲ್ಕನೇ ಅಧ್ಯಾಯ. ಇಸಾಕನಿಗೆ ಹೆಣ್ಣು ನೋಡಲು ಅಬ್ರಹಾಮನ ಸೇವಕ ಹತ್ತು ಒಂಟೆ ಹೊಡೆದುಕೊಂಡು ಹೋಗುತ್ತಾನೆ. ಬಾವಿಯ ಹತ್ತಿರ ರೆಬೆಕ್ಕ ಸಿಗುತ್ತಾಳೆ, ಒಂಟೆಗಳಿಗೂ ಸಾಕಾಗುವಷ್ಟು ನೀರು ಸೇದಿ ಹಾಕುತ್ತೇನೆ ಅನ್ನುತ್ತಾಳೆ. ಒಂಟೆ ಎಷ್ಟು ನೀರು ಕುಡಿಯುತ್ತದೆ ಅನ್ನೋದು ಮಗನ ಪ್ರಶ್ನೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರ್ ಕುಡಿಯಬಲ್ಲದು. ಹತ್ತು ಒಂಟೆಗೆ 1,000 ಲೀಟರ್. ಕೊಡ 10 ಲೀಟರಿನದು ಅಂತ ಇಟ್ಟುಕೊಂಡರೂ ನೂರು ಸಲ ಇಳಿದು ಹತ್ತಬೇಕು ಅಂತ ಮಗಳು ಲೆಕ್ಕ ಹಾಕಿದಳು. ಮಗ ಎದ್ದು ಬಚ್ಚಲಿಗೆ ಹೋದ. ಎದ್ದು ಹೋಗಲ್ಲ ಅಂತ ಮಾತು ಕೊಟ್ಟಿದ್ದನ್ನು ನಾನು ನೆನಪಿಸಲಿಲ್ಲ. ಅರ್ಧ ಬಕೆಟ್ ನೀರನ್ನು ಎರಡೂ ಕೈಯಲ್ಲಿ ಹಿಡಿದು, ಹಾಲ್ ಉದ್ದಕ್ಕೂ ಚೆಲ್ಲುತ್ತಾ ಬಂದು, ಕುರ್ಚಿಯ ಮುಂದೆ ಇಟ್ಟ. ಕುರ್ಚಿಯೇ ಒಂಟೆ. ಮತ್ತೆ ಹೋದ. ಎರಡನೇ ಸಲ ಬರುವಾಗ ಉಸಿರು ಬಿಡುತ್ತಿದ್ದ. "ಇನ್ನೂ ತೊಂಬತ್ತು ಲೀಟರ್ ಬಾಕಿ. ಇದೊಂದೇ ಒಂಟೆಗೆ" ಅಂದಳು ಅಕ್ಕ.

"ಸಾಕು ಮಾಡ್ತೀಯಾ ಇಲ್ವಾ?" ಅಂತ ಅವಳಮ್ಮ ನೆಲ ಒರೆಸುವ ಬಟ್ಟೆ ತಂದು ಅವನ ಕೈಗೇ ಕೊಟ್ಟಳು. ಅವನು ಒರೆಸುತ್ತಿದ್ದಾಗ ಮಗಳು ಮುಂದಕ್ಕೆ ಓದಿದಳು. ಇಪ್ಪತ್ತೆಂಟನೇ ವಚನ. ಆ ಹುಡುಗಿ ಓಡಿಹೋಗಿ ತಾಯಿಯ ಮನೆಯವರಿಗೆ ಇದನ್ನೆಲ್ಲ ತಿಳಿಸಿದಳು ಅಂತ ಅಲ್ಲಿದೆ.

ಮಗ ಒದ್ದೆ ಬಟ್ಟೆ ಹಿಡಿದು ತಲೆ ಎತ್ತಿದ. "ಇವಳು ಹೇಳಿದ್ಲು!" ಅಂದ.

ಆಗ ಗಂಟೆ ಎಂಟೂ ಮುಕ್ಕಾಲು. ಬಾಯಿಪಾಠದ ವಚನ ಆವತ್ತು ಆಗಲಿಲ್ಲ.